ಹಬ್ಬದ ಏಳನೇ ದಿನ

ಬೈಬಲಿನಲ್ಲಿ ಪ್ರವಾದಿ ಹಗ್ಗಾಯನ ಪುಸ್ತಕ ಎರಡೇ ಅಧ್ಯಾಯ, ಒಟ್ಟು 38 ವಚನ. ಒಮ್ಮೆ ಕೂತರೆ ಓದಿ ಮುಗಿಯುತ್ತದೆ. ಆದರೆ ಅದರ ತುಂಬಾ ತಾರೀಕುಗಳು. ಬಹಳ ವರ್ಷ ನಾನು ಅವುಗಳ ಮೇಲೆ ಸುಮ್ನೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಿದ್ದೆ. ಒಂದು ದಿನ ಎರಡನೇ ಅಧ್ಯಾಯದ ಮೊದಲ ವಚನದಲ್ಲೇ ನಿಂತುಬಿಟ್ಟೆ. ಏಳನೇ ತಿಂಗಳಿನ 21ನೇ ದಿನ ಅಂತ ಇದೆ. ಯಾಜಕಕಾಂಡದ 23ನೇ ಅಧ್ಯಾಯ ತೆರೆದು ನೋಡಿದೆ. ಏಳನೇ ತಿಂಗಳಿನ 15ರಿಂದ ಏಳು ದಿನ ಪರ್ಣಶಾಲೆಗಳ ಹಬ್ಬ. ಅಂದರೆ 21 ಆ ಹಬ್ಬದ ಏಳನೇ ದಿನ. ಹಗ್ಗಾಯ ಮಾತಾಡಿದ್ದು ಹಬ್ಬಕ್ಕೆ ಬಂದ ಜನರ ಮುಂದೆ. ಅವನ ಹೆಸರು ಕೂಡ ಹೀಬ್ರೂ ಭಾಷೆಯ 'ಹಗ್' ಅನ್ನುವ ಮಾತಿನಿಂದ ಬಂದದ್ದು. ಹಗ್ ಅಂದರೆ ಹಬ್ಬ.

ಆದರೆ ಎಂಥ ಹಬ್ಬ ಅದು!

ಅದು ಕ್ರಿ.ಪೂ. 520. ಪರ್ಷಿಯದ ಅರಸ ದಾರ್ಯಾವೆಷನ ಎರಡನೇ ವರ್ಷ. ಯೆರೂಸಲೇಮಿನಲ್ಲಿ ಅರಸ ಸೊಲೊಮೋನ ಕಟ್ಟಿಸಿದ ದೇವಾಲಯವನ್ನು ಬಾಬೆಲಿನವರು, ಅಂದರೆ ಬ್ಯಾಬಿಲೋನಿನವರು, ಸುಟ್ಟು ಜನರನ್ನು ಸೆರೆ ಒಯ್ದು ಆಗಲೇ 66 ವರ್ಷವಾಗಿತ್ತು. ಕ್ರಿ.ಪೂ. 539ರಲ್ಲಿ ಪರ್ಷಿಯದ ಅರಸ ಕೋರೆಷ ಬಾಬೆಲನ್ನು ಗೆದ್ದ ಮೇಲೆ ಯೆಹೂದ್ಯರಿಗೆ ಊರಿಗೆ ಹೋಗಲು ಅಪ್ಪಣೆ ಸಿಕ್ಕಿತು. ಹಾಗೆ ಬಂದವರು 42,360 ಮಂದಿ ಎಂದು ಎಜ್ರನ ಪುಸ್ತಕ ಲೆಕ್ಕ ಕೊಡುತ್ತದೆ. ಬಂದವರು ಮೊದಲು ಬಲಿಪೀಠ ಕಟ್ಟಿದರು. ಆಮೇಲೆ ದೇವಾಲಯದ ಅಸ್ತಿವಾರ ಹಾಕಿದರು. ಅಷ್ಟರಲ್ಲಿ ನೆರೆಯವರ ವಿರೋಧ ಬಂತು, ಕೈ ಸೋತಿತು, ಕೆಲಸ ನಿಂತಿತು. ಹದಿನಾರು ವರ್ಷ ಆ ಅಸ್ತಿವಾರದ ಮೇಲೆ ಒಂದು ಕಲ್ಲೂ ಏಳಲಿಲ್ಲ.

ಇನ್ನೂ ಕಾಲ ಬಂದಿಲ್ಲ, ಎನ್ನುತ್ತಿದ್ದರು ಜನ. ಅವರನ್ನು ಸುಲಭವಾಗಿ ಬೈಯಲು ನನಗೆ ಮನಸ್ಸು ಬರುವುದಿಲ್ಲ. ಬೆಳೆ ಕೈಕೊಟ್ಟಿತ್ತು. ಇಪ್ಪತ್ತು ಅಳತೆ ಸಿಗುತ್ತದೆ ಅಂತ ರಾಶಿಯ ಹತ್ತಿರ ಹೋದರೆ ಹತ್ತೇ ಇರುತ್ತಿತ್ತು. ತೊಟ್ಟಿಯಿಂದ ಐವತ್ತು ಅಳತೆ ದ್ರಾಕ್ಷಾರಸ ತರಲು ಹೋದವನಿಗೆ ಸಿಕ್ಕಿದ್ದು ಇಪ್ಪತ್ತು. ಕೂಲಿ ಸಿಕ್ಕರೆ ತೂತು ಬಿದ್ದ ಚೀಲಕ್ಕೆ ಹಾಕಿದ ಹಾಗೆ. ಆಕಾಶ ಇಬ್ಬನಿಯನ್ನೂ ತಡೆದಿದೆ ಅನ್ನುತ್ತಾನೆ ಹಗ್ಗಾಯ. ಯೆಹೂದದ ಬೆಟ್ಟಗಳಲ್ಲಿ ಬೇಸಿಗೆಯಿಡೀ ಮಳೆ ಇಲ್ಲ. ದ್ರಾಕ್ಷಿಗೆ ಅಷ್ಟಿಷ್ಟು ತಂಪು ಸಿಗುವುದು ರಾತ್ರಿಯ ಇಬ್ಬನಿಯಿಂದಲೇ. ಅದೂ ಇಲ್ಲದಾಗಿತ್ತು.

ಇಲ್ಲಿ ಮೂಲದಲ್ಲಿ ಒಂದು ಮಾತಿನ ಹೆಣಿಗೆ ಇದೆ. ದೇವರ ಮನೆ ಹಾಳುಬಿದ್ದಿದೆ ಅನ್ನಲು ಹಗ್ಗಾಯ ಬಳಸುವ ಪದ 'ಹಾರೇಬ್'. ಬರಗಾಲಕ್ಕೆ ಬಳಸುವ ಪದ 'ಹೋರೆಬ್'. ನನ್ನ ಮನೆ ಹಾರೇಬ್, ನಿಮ್ಮ ಹೊಲ ಹೋರೆಬ್. ಕೇಳಿದವರಿಗೆ ಎದೆಗೆ ನಾಟಿರಬೇಕು. ಏಕೆಂದರೆ ಬರದ ನಡುವೆಯೂ ಕೆಲವರು ತಮ್ಮ ಮನೆಗೆ ಮಾತ್ರ ಮರದ ಹಲಗೆ ಹೊದಿಸಿಕೊಂಡಿದ್ದರು.

ಈ ಮಾತು ಬಂದದ್ದು ಆರನೇ ತಿಂಗಳಿನ ಮೊದಲ ದಿನ. ಜನ ಕೇಳಿದರು. ಅದೇ ತಿಂಗಳ 24ಕ್ಕೆ ಕೆಲಸ ಶುರು ಮಾಡಿಯೇ ಬಿಟ್ಟರು. ಪ್ರವಾದಿಯ ಮಾತನ್ನು ಜನ ಇಷ್ಟು ಬೇಗ ಕೇಳಿದ್ದು ಬೈಬಲಿನಲ್ಲಿ ಅಪರೂಪ, ಅಲ್ವಾ? ಸೆರೆಯಾಗಿ ಬಾಬೆಲಿಗೆ ಹೋದ ಅರಸನ ಮೊಮ್ಮಗ ಜೆರುಬ್ಬಾಬೆಲ್ ಆಗ ದೇಶಾಧಿಪತಿ. ಮಹಾಯಾಜಕ ಯೆಹೋಶುವ. ಇಬ್ಬರೂ ಜನರ ಜೊತೆ ನಿಂತರು.

ಅಲ್ಲಿಂದ ಹಬ್ಬದ ಏಳನೇ ದಿನಕ್ಕೆ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಆ ದಿನಗಳಲ್ಲೂ ಕೆಲಸ ಮಾಡದ ದಿನಗಳು ಹಲವು. ವಾರದ ವಿಶ್ರಾಂತಿಯ ಸಬ್ಬತ್ ದಿನಗಳು, ಏಳನೇ ತಿಂಗಳ ಮೊದಲ ದಿನದ ತುತೂರಿ ಹಬ್ಬ, 10ಕ್ಕೆ ದೋಷಪರಿಹಾರದ ದಿನ, 15ರಿಂದ ಈ ಹಬ್ಬ. ಹಾಗಾಗಿ ನೋಡಲು ಏನಿತ್ತು? ಬದಿಗೆ ಸರಿಸಿದ ಸುಟ್ಟ ಕಲ್ಲು, ಬೆಟ್ಟದಿಂದ ತಂದ ಒಂದಿಷ್ಟು ಮರ.

ಇದೇ ಹಬ್ಬದ ಹೊತ್ತಿನಲ್ಲಿ ಸೊಲೊಮೋನ ಮೊದಲ ದೇವಾಲಯವನ್ನು ಪ್ರತಿಷ್ಠೆ ಮಾಡಿದ್ದ. ಅದೂ ಏಳನೇ ತಿಂಗಳೇ. ಆ ಕಥೆ ಪ್ರತಿ ಮನೆಯಲ್ಲೂ ಗೊತ್ತಿತ್ತು. ಹಳೆಯ ಆಲಯವನ್ನು ಕಣ್ಣಾರೆ ಕಂಡ ಎಪ್ಪತ್ತು ದಾಟಿದ ಒಬ್ಬಿಬ್ಬರಾದರೂ ಆ ಗುಂಪಿನಲ್ಲಿ ಇದ್ದಿರಬೇಕು. ಇದರ ಮೊದಲಿನ ವೈಭವವನ್ನು ಕಂಡವರು ನಿಮ್ಮಲ್ಲಿ ಯಾರಿದ್ದೀರಿ, ಈಗ ಹೇಗೆ ಕಾಣುತ್ತದೆ, ಏನೂ ಇಲ್ಲದ ಹಾಗೆ ಕಾಣುತ್ತದಲ್ಲವೇ? ಹಗ್ಗಾಯನೇ ಹಾಗೆ ಕೇಳಿಬಿಡುತ್ತಾನೆ. ಅವರ ಎದೆಯಲ್ಲಿದ್ದ ಸಂಕಟವನ್ನು ಅವನು ಮುಚ್ಚಿಡುವುದಿಲ್ಲ.

ಈ ವಚನ ಓದುವಾಗ ನನಗೆ ನಮ್ಮಜ್ಜಿ ನೆನಪಾಗುತ್ತಾರೆ. ಮಳೆ ಇಲ್ಲದ ಒಂದು ವರ್ಷ ಸಭೆಯ ಸುಗ್ಗಿ ಹಬ್ಬಕ್ಕೆ ಅರ್ಧ ಸೇರು ರಾಗಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಮುಂದೆ ಕೊಳವೆಬಾವಿ ಇದ್ದವರ ಮೂಟೆಗಳು, ಬಾಳೆಗೊನೆ, ಬೂದುಗುಂಬಳ. ಅಜ್ಜಿ ಕೊನೇ ಬೆಂಚಿನಲ್ಲಿ ಕೂತವರು ಏಳಲೇ ಇಲ್ಲ. ಕೊನೆಗೆ ಪಾದ್ರಿಗಳೇ ಹತ್ತಿರ ಹೋಗಿ ಎರಡೂ ಕೈ ಒಡ್ಡಿದರು.

ಪರ್ಣಶಾಲೆಗಳ ಹಬ್ಬದಲ್ಲಿ ಜನ ಏಳು ದಿನ ಸೊಪ್ಪಿನ ಗುಡಿಸಿಲಿನಲ್ಲಿ ಇರಬೇಕು. ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಹೊರಟ ಹಿರಿಯರು ಅರಣ್ಯದಲ್ಲಿ ಹಾಗೆ ಇದ್ದರು ಎಂಬ ನೆನಪಿಗೆ. ಆಗ ದೇವರ ವಾಸವೂ ಗುಡಾರದಲ್ಲೇ. ಕಲ್ಲಿಲ್ಲ, ದೇವದಾರು ಮರವಿಲ್ಲ. ಆ ಗುಡಿಸಿಲುಗಳಿಂದ ಎದ್ದು ಬಂದವರಿಗೆ ಹಗ್ಗಾಯನ ಬಾಯಲ್ಲಿ ದೇವರು ಹೇಳಿದ್ದು ಇದು. ಐಗುಪ್ತದಿಂದ ನೀವು ಹೊರಟಾಗ ಮಾತು ಕೊಟ್ಟಿದ್ದೆ, ಅದರಂತೆ ನನ್ನ ಆತ್ಮ ನಿಮ್ಮ ನಡುವೆ ನೆಲೆಸಿದೆ, ಹೆದರಬೇಡಿ. ಗೋಡೆ ಏಳುವ ಮೊದಲೇ ಈ ಮಾತು. ಈ ಮನೆ ಮುಗಿದ ಮೇಲೆ ಬಂದು ಇರುತ್ತೇನೆ ಅನ್ನಲಿಲ್ಲ ದೇವರು. ಈ ಒಂದು ಮಾತಿಗಾಗಿಯೇ ನನಗೆ ಹಗ್ಗಾಯ ಇಷ್ಟ.

ಬೆಳ್ಳಿ ನನ್ನದು, ಬಂಗಾರ ನನ್ನದು ಎಂಬ ಮಾತೂ ಆ ದಿನದ್ದೇ. ಅದನ್ನು ಕೇಳಿದವರ ಕೈಯಲ್ಲಿ ಎರಡೂ ಇರಲಿಲ್ಲ. ಆಮೇಲೆ ಯೂಫ್ರೆಟಿಸ್ ನದಿಯಾಚೆಯ ಸೀಮೆಯ ದೇಶಾಧಿಪತಿ ತತ್ತೆನೈ ಬಂದು, ನಿಮಗೆ ಅಪ್ಪಣೆ ಕೊಟ್ಟವರಾರು ಎಂದು ವಿಚಾರಿಸಿ ಅರಸನಿಗೆ ಪತ್ರ ಬರೆದ. ಹುಡುಕಿಸಿದಾಗ ಮೇದ್ಯ ಸೀಮೆಯ ಅರಮನೆಯಲ್ಲಿ ಕೋರೆಷನ ಅಪ್ಪಣೆಯ ಸುರುಳಿ ಸಿಕ್ಕಿತು. ಕೆಲಸ ತಡೆಯಬೇಡಿ, ಖರ್ಚನ್ನು ನದಿಯಾಚೆಯ ಸೀಮೆಯ ಅರಮನೆ ತೆರಿಗೆಯಿಂದಲೇ ಕೊಡಿ ಎಂದು ದಾರ್ಯಾವೆಷ ಬರೆದ. ಕ್ರಿ.ಪೂ. 515ರಲ್ಲಿ ದೇವಾಲಯ ಮುಗಿಯಿತು.

ಇವತ್ತಿಗೂ ಯೆಹೂದ್ಯರು ಆ ಏಳನೇ ದಿನವನ್ನು ಹೊಶಾನಾ ರಬ್ಬಾ ಎಂದು ಆಚರಿಸುತ್ತಾರೆ. ಮರುದಿನ ಮಳೆಗಾಗಿ ಪ್ರಾರ್ಥನೆ. ಯೇಸುವಿನ ಕಾಲದಲ್ಲಿ, ಅದೇ ಗುಡ್ಡದ ಮೇಲೆ ಅರಸ ಹೆರೋದ ದೊಡ್ಡದು ಮಾಡಿ ಕಟ್ಟಿಸಿದ ಆಲಯದಲ್ಲಿ, ಹಬ್ಬದ ಪ್ರತಿ ಬೆಳಿಗ್ಗೆ ಸಿಲೋವ ಕೊಳದಿಂದ ನೀರು ತಂದು ಬಲಿಪೀಠದ ಬಳಿ ಸುರಿಯುತ್ತಿದ್ದರು. ಹಬ್ಬದ ಕೊನೆಯ ದಿನ ಯೇಸು ಅಲ್ಲಿ ಎದ್ದು ನಿಂತು ಕೂಗಿ ಹೇಳಿದನು. ಬಾಯಾರಿದವರು ಯಾರಾದರೂ ಇದ್ದರೆ ನನ್ನ ಬಳಿಗೆ ಬಂದು ಕುಡಿಯಲಿ.