ಅರ್ಧ ಗಂಟೆಗೇ ತಿಳಿಯಾದ ನೀರು

ಅರ್ಧ ಗಂಟೆಯ ರೀಡಿಂಗ್ ತೆಗೆದುಕೊಳ್ಳಲು ಹೋದಾಗ, ಹೂಳು ಕಲಕಿಟ್ಟಿದ್ದ ಗಾಜಿನ ಸಿಲಿಂಡರಿನ ಮೇಲ್ಭಾಗದಲ್ಲಿ ನಾಲ್ಕು ಬೆರಳಿನಷ್ಟು ನೀರು ತಿಳಿಯಾಗಿ ನಿಂತಿತ್ತು. ಅದರ ಕೆಳಗೆ ಗೆರೆ ಎಳೆದ ಹಾಗೆ ಬಗ್ಗಡ. ನನಗೆ ಏನೂ ಅನ್ನಿಸಲಿಲ್ಲ. ಬೇಗ ತಳ ಕಟ್ಟುತ್ತಿದೆ, ಸಿಲ್ಟ್ (ಮರಳಿಗಿಂತ ಸಣ್ಣ, ಜೇಡಿಗಿಂತ ದೊಡ್ಡ ಕಣ) ಜಾಸ್ತಿ ಇರಬೇಕು ಅಂದುಕೊಂಡೆ. ನೀರಿನಲ್ಲಿ ಇನ್ನೂ ಎಷ್ಟು ಮಣ್ಣು ಉಳಿದಿದೆ ಅಂತ ಸಾಂದ್ರತೆಯಿಂದ ತೋರಿಸುವ ಹೈಡ್ರೋಮೀಟರ್ ಮೆಲ್ಲಗೆ ಇಳಿಸಿ, ಅಂಕಿ ಬರೆದುಕೊಂಡು ಬಂದೆ.

ಲ್ಯಾಬ್‌ಗೆ ಸೇರಿ ಆಗ ಎರಡು ತಿಂಗಳಾಗಿತ್ತು. ಒಂದು ಜಲಾಶಯದ ತಳದಿಂದ ತೆಗೆದ ಹೂಳಿನ ಸ್ಯಾಂಪಲ್ ಬಂದಿತ್ತು. ಅದರಲ್ಲಿ ಮರಳೆಷ್ಟು, ಸಿಲ್ಟ್ ಎಷ್ಟು, ಜೇಡಿ ಎಷ್ಟು ಅಂತ ನಾವು ಹೇಳಬೇಕಿತ್ತು. ಕೇಳುವುದಕ್ಕೆ ಸಣ್ಣ ಪ್ರಶ್ನೆ. ಆದರೆ ಆ ಹೂಳನ್ನು ತೆಗೆದು ಎಲ್ಲಿ ಹಾಕಬಹುದು, ಯಾವುದಕ್ಕೆ ಬಳಸಬಹುದು, ತೆಗೆಯುವಾಗ ಕದಡಿದ ನೀರು ಮತ್ತೆ ತಿಳಿಯಾಗಲು ಎಷ್ಟು ದಿನ ಬೇಕು, ಇದನ್ನೆಲ್ಲ ತೀರ್ಮಾನ ಮಾಡುವವರು ನೋಡುವುದು ನಾವು ಕೊಡುವ ಆ ಮೂರು ಅಂಕಿಗಳನ್ನೇ. ಲೋಹಗಳು, ರಂಜಕ ಅಂಟಿಕೊಂಡು ಬರುವುದೂ ಹೆಚ್ಚಾಗಿ ನುಣ್ಣನೆಯ ಕಣಗಳಿಗೇ. ಜೇಡಿಯ ಪಾಲು ತಪ್ಪಿದರೆ ಆ ಲೆಕ್ಕಗಳೂ ತಪ್ಪುತ್ತವೆ.

ಮರಳಿನ ಪಾಲು ತಿಳಿಯುವುದು ಅಷ್ಟೇನೂ ಕಷ್ಟವಲ್ಲ. 75 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಜರಡಿಯ ಮೇಲೆ ಹಾಕಿ ತೊಳೆದು, ನಿಂತದ್ದನ್ನು ಒಣಗಿಸಿ ತೂಗಿದರೆ ಆಯಿತು. (ಕೆಲವು ಕಡೆ 63 ಮೈಕ್ರಾನ್ ಗಡಿ ಇಟ್ಟುಕೊಳ್ಳುತ್ತಾರೆ. ಯಾವುದು ಅಂತ ರಿಪೋರ್ಟಿನಲ್ಲಿ ಬರೆಯದಿದ್ದರೆ ಓದುವವರಿಗೆ ಗೊತ್ತಾಗುವುದೇ ಇಲ್ಲ.) ನಮ್ಮ ಮೇಡಂ ಮೊದಲ ದಿನವೇ ಹೇಳಿದ್ದ ಮಾತು ಒಂದಿತ್ತು. ಜರಡಿಯ ಕಣ್ಣಿಗೆ ಸಿಕ್ಕಿಕೊಂಡ ಕಣವನ್ನು ಸೂಜಿಯಿಂದ ಚುಚ್ಚಬೇಡ, ಜರಡಿ ಬೋರಲು ಹಾಕಿ ಮೆತ್ತನೆಯ ಬ್ರಶ್ಶಿನಿಂದ ಸವರು ಅಂತ. ಕಣ್ಣು ಹಿಗ್ಗಿದರೆ ಮುಂದೆ ಬರುವ ಎಲ್ಲಾ ಸ್ಯಾಂಪಲ್‌ಗಳ ಲೆಕ್ಕವೂ ಕೆಡುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಸಿಲ್ಟ್ ಮತ್ತು ಜೇಡಿಯ ವಿಷಯ ಬೇರೆ. ಅಷ್ಟು ಸಣ್ಣ ಕಣಗಳನ್ನು ಅಳೆದುಕೊಡುವುದು ಜರಡಿ ಅಲ್ಲ, ನೀರು. ನೀರಿನಲ್ಲಿ ಕಣ ಎಷ್ಟು ವೇಗವಾಗಿ ಇಳಿಯುತ್ತದೆ ಎನ್ನುವುದಕ್ಕೆ 1851ರಲ್ಲಿ ಜಾರ್ಜ್ ಸ್ಟೋಕ್ಸ್ ಕೊಟ್ಟ ಸೂತ್ರವೇ ಇವತ್ತಿಗೂ ನಮ್ಮ ಆಧಾರ. ಕಣದ ಅಗಲ ಅರ್ಧವಾದರೆ ಇಳಿಯುವ ವೇಗ ಕಾಲು ಭಾಗಕ್ಕೆ ಬರುತ್ತದೆ. 20 ಡಿಗ್ರಿ ನೀರಿನಲ್ಲಿ 20 ಮೈಕ್ರಾನಿನ ಸಿಲ್ಟ್ ಕಣ 10 ಸೆಂಟಿಮೀಟರ್ ಇಳಿಯಲು ಸುಮಾರು 4 ನಿಮಿಷ 40 ಸೆಕೆಂಡು ಸಾಕು. 2 ಮೈಕ್ರಾನಿನ ಜೇಡಿ ಕಣಕ್ಕೆ ಅಷ್ಟೇ ದೂರಕ್ಕೆ ಹತ್ತಿರ ಹತ್ತಿರ 7 ಮುಕ್ಕಾಲು ಗಂಟೆ ಬೇಕು. ಅದಕ್ಕೇ ಈ ಟೆಸ್ಟಿನಲ್ಲಿ ಕೊನೆಯ ರೀಡಿಂಗ್ 24 ಗಂಟೆಗೆ. ಜೇಡಿ ಕಣವೇನೂ ಗುಂಡಗಿರುವುದಿಲ್ಲ, ಹಾಳೆಯ ಹಾಗೆ ಚಪ್ಪಟೆ. ನಾವು 2 ಮೈಕ್ರಾನ್ ಅಂದರೆ, ಅದೇ ವೇಗದಲ್ಲಿ ಇಳಿಯುವ ಒಂದು ಗುಂಡಿನ ಅಳತೆ ಅಂತ ಅರ್ಥ.

ಇಷ್ಟಕ್ಕೆಲ್ಲ ಒಂದೇ ಷರತ್ತು: ಒಂದೊಂದು ಕಣವೂ ತನ್ನ ಪಾಡಿಗೆ ತಾನು ಇಳಿಯಬೇಕು.

ಮರುದಿನ 24 ಗಂಟೆಯ ರೀಡಿಂಗ್ ಮುಗಿಸಿ ಗ್ರಾಫ್ ಹಾಕಿದೆ. ಗೆರೆ ಎಲ್ಲೂ ಏರುಪೇರಿಲ್ಲದೆ ನಯವಾಗಿ ಬಂದಿತ್ತು. ಸಿಲ್ಟ್ ಬಹಳ, ಜೇಡಿ ತೀರಾ ಕಡಿಮೆ. ಖುಷಿಯಿಂದ ಮೇಡಂ ಮುಂದೆ ಇಟ್ಟೆ. ಅವರು ಒಂದು ನಿಮಿಷ ನೋಡಿ ಕೇಳಿದರು, "ಸ್ಯಾಂಪಲ್ ಕೈಯಲ್ಲಿ ಹಿಡಿದು ನೋಡಿದ್ಯಾ?"

ನೋಡಿರಲಿಲ್ಲ. ಚಮಚದಲ್ಲಿ ತೆಗೆದು ತೂಗಿದ್ದೆ ಅಷ್ಟೇ.

ಉಳಿದಿದ್ದ ಹಸಿ ಸ್ಯಾಂಪಲ್ ತರಿಸಿ, ಒಂದು ಗೋಲಿಯಷ್ಟು ತೆಗೆದು ನನ್ನ ಅಂಗೈ ಮೇಲೆ ಇಟ್ಟರು. "ಹೊಸಿ" ಅಂದರು. ಹೊಸೆಯುತ್ತಾ ಹೋದ ಹಾಗೆ ಅದು ದಾರದ ಹಾಗೆ ಎಳೆಯಾಯಿತು. 3 ಮಿಲಿಮೀಟರಿನಷ್ಟು ಸಣ್ಣದಾದರೂ ತುಂಡಾಗಲಿಲ್ಲ. ಬೆರಳಿಗೆ ಅಂಟಿಕೊಂಡದ್ದನ್ನು ಬಿಡಿಸಲು ತಿಕ್ಕಬೇಕಾಯಿತು. ಸಿಲ್ಟ್ ಹಾಗೆ ಇರುವುದಿಲ್ಲ. ಅದು ಹಿಟ್ಟಿನ ಹಾಗೆ ನುಣ್ಣಗಿರುತ್ತದೆ, ಹೊಸೆಯಲು ಹೋದರೆ ಬಿರುಕು ಬಿಟ್ಟು ಉದುರುತ್ತದೆ.

"ಕೈ ಒಂದು ಹೇಳ್ತಿದೆ, ಗ್ರಾಫ್ ಇನ್ನೊಂದು ಹೇಳ್ತಿದೆ ಅಲ್ವಾ? ಬಾ, ಸಿಲಿಂಡರ್ ನೋಡೋಣ."

ಪುಣ್ಯಕ್ಕೆ ಅದನ್ನಿನ್ನೂ ತೊಳೆದಿರಲಿಲ್ಲ. ಮೇಲಿನ ನೀರು ಕುಡಿಯುವ ನೀರಿನಷ್ಟು ತಿಳಿ. ಮೇಡಂ ಸಿಲಿಂಡರನ್ನು ಸ್ವಲ್ಪ ಓರೆ ಮಾಡಿದರು. ತಳದಲ್ಲಿದ್ದ ಮಣ್ಣು ಒಟ್ಟಿಗೇ ಆ ಕಡೆಗೆ ಜಾರಿತು. ಹತ್ತಿಯ ಹಾಗೆ ಉಬ್ಬಿಕೊಂಡಿತ್ತು. ಗಾಜಿಗೆ ಕಣ್ಣು ಹತ್ತಿರ ಇಟ್ಟು ನೋಡಿದರೆ ಹಾಲು ಒಡೆದಾಗ ಕಾಣುವಂಥ ಸಣ್ಣ ಸಣ್ಣ ಗರಣೆ. ಜೇಡಿ ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಗಟ್ಟಿದ್ದವು. ಗುಂಪಾದ ಮೇಲೆ ಅವು ದೊಡ್ಡ ಕಣಗಳ ಹಾಗೆ ಬೇಗ ಇಳಿದಿದ್ದವು. ನಾನು ಅದನ್ನೇ ಸಿಲ್ಟ್ ಅಂತ ಎಣಿಸಿದ್ದೆ. ಅರ್ಧ ಗಂಟೆಗೇ ಕಂಡ ಆ ಗೆರೆ ಇದನ್ನೇ ಹೇಳುತ್ತಿತ್ತು. ಕಣಗಳು ಬಿಡಿಬಿಡಿಯಾಗಿದ್ದರೆ ಅಂಥ ಗೆರೆ ಮೂಡುವುದಿಲ್ಲ, ಬಣ್ಣ ಮೇಲಿಂದ ಕೆಳಗೆ ನಿಧಾನವಾಗಿ ಗಾಢವಾಗುತ್ತಾ ಹೋಗುತ್ತದೆ.

ಯಾಕೆ ಹೀಗಾಯಿತು? ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಇದ್ದರೂ ಜೇಡಿ ಗುಂಪುಗಟ್ಟುತ್ತದೆ. ಉಳಿದ ಸ್ಯಾಂಪಲ್ಲನ್ನು ಡಿಸ್ಟಿಲ್ಡ್ ನೀರಿನಲ್ಲಿ ಕಲಕಿ ಕಂಡಕ್ಟಿವಿಟಿ (ಉಪ್ಪು ಹೆಚ್ಚಿದಷ್ಟೂ ಏರುವ ವಿದ್ಯುತ್ ವಾಹಕತೆ) ನೋಡಿದೆವು, ಕಡಿಮೆಯೇ ಇತ್ತು. ಕಣಗಳನ್ನು ಅಂಟಿಸಿಡುವ ಕೊಳೆತ ಎಲೆ, ಬೇರಿನ ಅಂಶ ಹೋಗಲಿ ಅಂತ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ, ನೊರೆ ನಿಲ್ಲುವವರೆಗೂ ಕಾದದ್ದು ನನಗೆ ಚೆನ್ನಾಗಿ ನೆನಪಿತ್ತು. ಕೊನೆಗೆ ಮೇಡಂ ಕಪಾಟಿನಿಂದ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣದ ಬಾಟಲಿ ತೆಗೆದರು. ಕಣಗಳನ್ನು ಬಿಡಿಸುವುದು ಇದೇ. ಬಾಟಲಿಯ ಮೇಲೆ ಹೆಸರಿತ್ತು, ತಾರೀಖು ಇರಲಿಲ್ಲ. ನೀರಿನಲ್ಲಿ ಕರಗಿಸಿಟ್ಟರೆ ಅದು ನಿಧಾನವಾಗಿ ಒಡೆದು ಶಕ್ತಿ ಕಳೆದುಕೊಳ್ಳುತ್ತದೆ, ತಿಂಗಳೊಳಗೆ ಹೊಸದು ಮಾಡಿಕೊಳ್ಳಬೇಕು. ನಾನು ಬಗ್ಗಿಸಿದ್ದು ಎಷ್ಟು ಹಳೆಯದೋ ಯಾರಿಗೂ ಗೊತ್ತಿರಲಿಲ್ಲ.

ಅದೇ ಹೊತ್ತಿಗೆ ಲೀಟರಿಗೆ 40 ಗ್ರಾಂ ಲೆಕ್ಕದಲ್ಲಿ ಹೊಸ ದ್ರಾವಣ ಮಾಡಿದೆ. ಒಣ ತೂಕದಲ್ಲಿ 50 ಗ್ರಾಂ ಆಗುವಷ್ಟು ಹಸಿ ಹೂಳು ತೂಗಿ, ಪೆರಾಕ್ಸೈಡ್ ಕೆಲಸ ಮತ್ತೆ ಮುಗಿಸಿ, 125 ಮಿಲಿ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿದೆ. ಓವನ್‌ನಲ್ಲಿ ಒಣಗಿಸಲಿಲ್ಲ. ಒಮ್ಮೆ ಸುಟ್ಟ ಹಾಗೆ ಒಣಗಿದ ಜೇಡಿ ಮತ್ತೆ ಪೂರ್ತಿ ಬಿಡಿಯಾಗುವುದು ಕಷ್ಟ. ಬೆಳಿಗ್ಗೆ ಮಿಕ್ಸರ್‌ನಲ್ಲಿ ಕಲಕಿ, ಸಿಲಿಂಡರಿಗೆ ಸುರಿದು, 1 ಲೀಟರಿನ ಗೆರೆವರೆಗೂ ನೀರು ತುಂಬಿದೆ. ಬಾಯಿ ಮುಚ್ಚಿ ಒಂದು ನಿಮಿಷ ಮೇಲೆ ಕೆಳಗೆ ತಿರುಗಿಸಿ, ಮೇಜಿನ ಮೇಲಿಟ್ಟು ಸ್ಟಾಪ್‌ವಾಚ್ ಒತ್ತಿದೆ.

ಅರ್ಧ ಗಂಟೆಗೆ ಗೆರೆ ಇರಲಿಲ್ಲ. ಒಂದು ಗಂಟೆಗೂ ಇರಲಿಲ್ಲ. ಬಗ್ಗಡ ಎಷ್ಟಿತ್ತೆಂದರೆ ಹೈಡ್ರೋಮೀಟರಿನ ಕಡ್ಡಿಗೆ ನೀರು ಏರಿ ನಿಲ್ಲುತ್ತದಲ್ಲ, ಅದರ ಮೇಲಂಚು ಮಾತ್ರ ಕಾಣುತ್ತಿತ್ತು. ಅಲ್ಲೇ ಓದಿ, ಆಮೇಲೆ ತಿದ್ದುಪಡಿ ಸೇರಿಸಿದೆ. ಮರುದಿನ 24 ಗಂಟೆ ಆದಾಗಲೂ ಸಿಲಿಂಡರಿನ ಹಿಂದೆ ಹಿಡಿದ ಬೆರಳು ಕಾಣಲಿಲ್ಲ. ಜೇಡಿಯ ಪಾಲು ಮೊದಲ ಸಲಕ್ಕಿಂತ ಮೂರು ಪಟ್ಟಿಗೂ ಜಾಸ್ತಿ ಬಂತು. ಹಳೆಯ ಗ್ರಾಫ್ ಹರಿಯಬೇಡ, ಎರಡನ್ನೂ ಒಂದೇ ಹಾಳೆಯಲ್ಲಿ ಇಟ್ಟುಕೋ ಅಂದರು ಮೇಡಂ. ಆ ಹಾಳೆ ಈಗಲೂ ನನ್ನ ನೋಟ್‌ಬುಕ್ಕಿನಲ್ಲಿದೆ.

ಮೊದಲ ಸಿಲಿಂಡರ್ ಒಂದೇ ಸಲ ಅಲ್ಲಾಡಿಸಿದ್ದಕ್ಕೆ ಖಾಲಿಯಾಗಿತ್ತು. ಎರಡನೆಯದರ ತಳದಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಗಾಜಿನ ಕಡ್ಡಿಯಿಂದ ಕೆರೆದು ಕೆರೆದು ಬಿಡಿಸಿ, 75 ಮೈಕ್ರಾನ್ ಜರಡಿಯ ಮೇಲೆ ಸುರಿದು, ಕೆಳಗೆ ಬೀಳುವ ನೀರು ತಿಳಿಯಾಗುವವರೆಗೂ ತೊಳೆದೆ. ಜರಡಿಯ ಮೇಲೆ ಉಳಿದದ್ದು ಚಿಟಿಕೆಯಷ್ಟು ಮರಳು.