ರಟ್ಟಿನ ತೂಕ

2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆಯ ಅಗ್ಗದ ಪುಸ್ತಕ ರವಾನೆ ಸೇವೆ ರಿಜಿಸ್ಟರ್ಡ್ ಬುಕ್‌ಪೋಸ್ಟ್ ನಿಂತಾಗ ಆನ್‌ಲೈನಿನಲ್ಲಿ ಪುಸ್ತಕ ಮಾರುವ ಸಣ್ಣವರಿಗೆ ದಿಕ್ಕು ತೋಚಲಿಲ್ಲ. 2025ರ ಮೇ 1ರಿಂದ ಪುಸ್ತಕಗಳಿಗೆಂದೇ ಅಂಚೆಯ ಹೊಸ ಸೇವೆ ಜ್ಞಾನ ಪೋಸ್ಟ್ ಬಂತು: 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100, ತೆರಿಗೆ ಬೇರೆ.

ಎಡವುವುದು ಆ 300ರಲ್ಲೇ. ಡೆಮಿ ಅಳತೆಯ (ಸುಮಾರು 5.5 × 8.5 ಇಂಚು) 240 ಪುಟದ ಪುಸ್ತಕ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದವಾದರೆ ಸುಮಾರು 270 ಗ್ರಾಂ. ಮೂಲೆ ಮಡಚದಿರಲೆಂದು ಎರಡು ರಟ್ಟು, ಬಬಲ್ ರ‍್ಯಾಪ್, ಟೇಪು ಸುತ್ತಿದಿರೋ, ಮುಂದಿನ ದರಕ್ಕೆ ಹಾರಿತು. ಹಾಗಂತ ರಟ್ಟು ಬಿಟ್ಟರೆ ನಜ್ಜುಗುಜ್ಜಾದ ಪುಸ್ತಕ ವಾಪಸ್ ಬರುತ್ತದೆ, ಅದು ಇನ್ನೂ ದುಬಾರಿ! ಬಬಲ್ ಬಿಡಿ, ತೆಳು ಪ್ಲಾಸ್ಟಿಕ್ ಕವರ್, ಒಂದೇ ರಟ್ಟು ಸಾಕು. ವಿಳಾಸದ ಚೀಟಿ ಅಂಟಿಸಿದ ಮೇಲೆಯೇ ತೂಗಿ. ಜಾಹೀರಾತು ಕರಪತ್ರ ಒಳಗೆ ತುರುಕಬೇಡಿ, ಈ ದರ ಜಾಹೀರಾತಿಗೆ ಸಲ್ಲದು.