ಅಕ್ಷರವಿಲ್ಲದ ಕಲ್ಲಿನ ಮುಂದೆ ಹತ್ತನೇ ವರ್ಷದ ಹಬ್ಬ

ನಮ್ಮ ಗುಂಪಿಗೆ ಹತ್ತು ವರ್ಷ ತುಂಬುತ್ತದೆ ಎಂದಾಗ ಮೊದಲು ಬಂದ ಸಲಹೆ ಸಭಾಂಗಣ ಹಿಡಿಯುವುದು. ಮುಖ್ಯ ಅತಿಥಿ, ಹಾರ, ಶಾಲು, ಸ್ಮರಣಿಕೆ. ನನ್ನ ಮನಸ್ಸು ಒಪ್ಪಲಿಲ್ಲ. ಬೆಂಗಳೂರಿನ ಅಂಚಿನ ಹಳ್ಳಿಗಳಲ್ಲಿ ಭಾನುವಾರ ಬಂದರೆ ಹಳೇ ಕಲ್ಲು ಹುಡುಕಿಕೊಂಡು ಹೊರಡುವವರು ನಾವು. ಹಬ್ಬವೂ ಕಲ್ಲಿನ ಹತ್ತಿರವೇ ಆಗಲಿ ಎಂದೆ. ಮಾತು ಬೆಳೆದು, ಕೊನೆಗೆ ಕೆರೆ ಏರಿಯ ಪಕ್ಕದ ವೀರಗಲ್ಲಿನ ಮುಂದೆ ಶಾಮಿಯಾನ ಬಿತ್ತು.

ಆ ಕಲ್ಲಿನಲ್ಲಿ ಒಂದಕ್ಷರವೂ ಇಲ್ಲ. ಅದಕ್ಕೇ ಅದನ್ನು ಆರಿಸಿದ್ದು. ಬೇಗೂರಿನ ದೇವಸ್ಥಾನದ ವೀರಗಲ್ಲಿನಲ್ಲಿ ‘ಬೆಂಗಳೂರು ಕಾಳೆಗ’ದ ಮಾತಿದೆ, ಸುಮಾರು ಕ್ರಿ.ಶ. 890ರದು. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸಿಕ್ಕ ಕಲ್ಲು ಕಿತ್ತಯ್ಯನೆಂಬ ವೀರನ ಹೆಸರು ಹೇಳುತ್ತದೆ. ಗಂಗರ ದೊರೆ ಶ್ರೀಪುರುಷನ ಕಾಲದ್ದು. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರಿಂದ, ಕಲ್ಲು ಕಾಣೆಯಾದ ಕಡೆಯೂ ಅದರ ಪಾಠ ಉಳಿದಿದೆ. ಬರಹವಿಲ್ಲದ ಕಲ್ಲಿಗೆ ಆ ಆಸರೆ ಎಲ್ಲಿದೆ? ಅದು ಹೋದರೆ ಹೋದಂತೆಯೇ.

ಬೆಳಿಗ್ಗೆ ಮೊದಲು ಕಲ್ಲು ತೊಳೆಯುವ ಕೆಲಸ. ವರ್ಷಗಳಿಂದ ಕೂತ ಎಣ್ಣೆ ಜಿಡ್ಡು, ಕುಂಕುಮ, ಅದರ ಮೇಲೆ ಸುಣ್ಣ. ಆಸಿಡ್ ಬೇಡ, ತಂತಿ ಬ್ರಷ್ ಬೇಡವೇ ಬೇಡ. ನೀರು, ಮೆತ್ತನೆಯ ಬ್ರಷ್, ತಾಳ್ಮೆ. ಆಮೇಲೆ ಶಾಮಿಯಾನದ ಒಂದು ಪರದೆ ಇಳಿಬಿಟ್ಟು, ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸಿದೆವು. ಸವೆದ ಗೆರೆಗಳು ಎದ್ದು ಬಂದವು. ಮೇಲಿನ ಪಟ್ಟಿಕೆಯಲ್ಲಿ ಲಿಂಗದೆದುರು ಕೂತ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಕೆಳಗೆ ಬಿಲ್ಲು ಹಿಡಿದು ನಿಂತವನು. “ಅಕ್ಕಾ, ಇಲ್ಲಿ ದನ ಇವೆ!” ಎಂದು ಶಾಲೆಯ ಹುಡುಗಿಯೊಬ್ಬಳು ಕೂಗಿದಳು. ಹೌದು, ಅವನ ಕಾಲ ಬಳಿ ಸಾಲು ದನಗಳು. ತುರುಗಾಳಗದಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಮಡಿದವನು! ಇಷ್ಟು ವರ್ಷ ಸುಣ್ಣದಡಿ ಅದು ನಮಗೆ ಕಂಡೇ ಇರಲಿಲ್ಲ.

ಸನ್ಮಾನ ಒಂದೇ ಇತ್ತು. ರಸ್ತೆ ಅಗಲಿಸಲು ಜೇಸಿಬಿ ಬಂದ ದಿನ ಕಲ್ಲಿಗೆ ಅಡ್ಡ ನಿಂತ ಅಜ್ಜಿಗೆ. ನಮ್ಮ ಗುಂಪು ಹುಟ್ಟುವ ಮೊದಲೇ ನಡೆದದ್ದು ಅದು. ಅವರು ಶಾಲು ಹೊದೆಸಿಕೊಂಡು ನೇರ ಕಲ್ಲಿನ ಹತ್ತಿರ ಹೋಗಿ, ದನಗಳ ಮೇಲೆ ಕೈಯಾಡಿಸಿದರು.

“ನಮ್ಮತ್ತೆ ಈರಣ್ಣ ಅಂತ ದೀಪ ಹಚ್ತಿದ್ರು, ನಾನೂ ಹಚ್ತಿದ್ದೆ. ಹಟ್ಟಿ ದನ ಬಿಡಿಸೋಕೆ ಹೋದೋನಾ ಇವ್ನು? ಯಾರ ಮನೆ ಮಗನೋ ಕಣಮ್ಮ,” ಎಂದರು. ನನ್ನ ಗಂಟಲು ಕಟ್ಟಿತು. ಭಾಷಣಕ್ಕೆಂದು ಬರೆದು ತಂದಿದ್ದನ್ನು ನಾನು ಓದಲಿಲ್ಲ. ಅಜ್ಜಿಯನ್ನೇ ಮಾತಾಡಿಸುತ್ತ ಕೂತೆವು.

ಚಿತ್ರಾನ್ನ, ಮಜ್ಜಿಗೆ ಮುಗಿದ ಮೇಲೆ ಅಲ್ಲೇ ಜಮಖಾನದ ಮೇಲೆ ತೀರ್ಮಾನವಾಯಿತು. ಸಭಾಂಗಣಕ್ಕೆಂದು ಎತ್ತಿಟ್ಟಿದ್ದ ದುಡ್ಡು ಸುತ್ತಲಿನ ಹಳ್ಳಿಗಳ ಬರಹವಿಲ್ಲದ ಕಲ್ಲುಗಳ ಪಟ್ಟಿಗೆ: ಜಾಗ, ಅಳತೆ, ಫೋಟೊ, ಜೊತೆಗೆ ಅಲ್ಲಿ ದೀಪ ಹಚ್ಚುವವರು ಹೇಳುವ ಮಾತು. ದನ ಕಂಡ ಆ ಹುಡುಗಿಯ ಕೈಗೇ ಪುಸ್ತಕ ಕೊಟ್ಟೆವು. ಅಜ್ಜಿ ಹೇಳುತ್ತ ಹೋದರು, ಅವಳು ಬರೆದುಕೊಂಡಳು.